ಪದಚರ್ಚೆ: 'ಅತೃಪ್ತ'ರೋ 'ಒಲ್ಲದ'ವರೋ? ಯುದ್ಧಕ್ಕೆ 'ನೆರಳು' ಒಪ್ಪುತ್ತದೆಯೇ?

ಪ್ರಶ್ನೆ: ಯುದ್ಧಕಾಲದ ಹುಡುಗ ಹುಡುಗಿಯರ ಕುರಿತ ಅನುವಾದಿತ ಕಾದಂಬರಿಯೊಂದರ ಬೆನ್ನುಡಿಯಲ್ಲಿ ಈ ಸಾಲಿದೆ: 'ಯುದ್ಧದ ನೆರಳಿನಲ್ಲಿ ಬದುಕುವ ಅತೃಪ್ತ ಹದಿಹರೆಯದವರ ಕಥೆ.' ಇಂಗ್ಲಿಷಿನ 'ಡಿಸಫೆಕ್ಟೆಡ್' ಎಂಬುದಕ್ಕೆ 'ಅತೃಪ್ತ' ಸಾಕೇ? ಇನ್ನೂ ಹತ್ತಿರದ ಪದವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: 'ಅತೃಪ್ತ' ಬೇಡ. ಪತ್ರಿಕೆಗಳಲ್ಲಿ ಆ ಪದ ಮಂತ್ರಿಗಿರಿ ಸಿಗದ ಶಾಸಕರಿಗೆ ಅಂಟಿಕೊಂಡುಬಿಟ್ಟಿದೆ. ಕೇಳಿದ್ದು ಕೊಟ್ಟರೆ ತೃಪ್ತಿಯಾಗುತ್ತದೆ ಎಂಬ ಭಾವ ಅದರಲ್ಲಿದೆ. 'ಅಸಮಾಧಾನ'ವೂ ಸಮಾಧಾನಕ್ಕೆ ಬಗ್ಗುವಂಥದ್ದು. 'ಮುನಿಸು' ಹತ್ತಿರದವರ ನಡುವಿನದು, ಓಲೈಸಿದರೆ ಇಳಿಯುತ್ತದೆ. 'ಭ್ರಮನಿರಸನ' ಎನ್ನಬೇಕಾದರೆ ಮೊದಲೊಂದು ಭ್ರಮೆ ಇರಬೇಕು. ಹುಮ್ಮಸ್ಸಿನಿಂದ ಯುದ್ಧಕ್ಕೆ ಹೋಗಿ ಮರಳಿದ ತರುಣನಿಗೆ ಅದು ಸರಿ. ಯುದ್ಧದ ನಡುವೆಯೇ ಬೆಳೆದ ಹದಿನೈದರ ಹುಡುಗಿಗೆ ಕಳೆದುಕೊಳ್ಳಲು ಭ್ರಮೆಯೇ ಇರುವುದಿಲ್ಲ.

ಮೂಲ ಪದದ ಒಳಗಿರುವುದು 'ಅಫೆಕ್ಷನ್', ಅಂದರೆ ಒಲವು. ಇದ್ದ ಒಲವು ಹೋಗಿದೆ, ಮುಖ್ಯವಾಗಿ ಹಿರಿಯರ ಮೇಲೆ, ಅಧಿಕಾರದ ಮೇಲೆ. ಭಾರತೀಯ ದಂಡಸಂಹಿತೆಯ 124ಎ ಕಲಮಿನಲ್ಲಿ, ಅಂದರೆ ರಾಜದ್ರೋಹದ ಕಲಮಿನಲ್ಲಿ, ಸರ್ಕಾರದ ವಿರುದ್ಧ 'ಡಿಸಫೆಕ್ಷನ್' ಹುಟ್ಟಿಸುವುದು ಅಪರಾಧವಾಗಿತ್ತು. 1922ರಲ್ಲಿ ಅದೇ ಕಲಮಿನಡಿ ವಿಚಾರಣೆಗೆ ನಿಂತ ಗಾಂಧೀಜಿ, ಒಲವನ್ನು ಕಾನೂನಿನಿಂದ ಹುಟ್ಟಿಸಲಾಗದು ಎಂದು ಪದದ ಬೇರಿಗೇ ಕೈಹಾಕಿದ್ದರು.

ಕನ್ನಡದಲ್ಲಿ 'ಒಲವು' ಹುಟ್ಟಿದ ಧಾತುವಿನಿಂದಲೇ ಬಂದ ನಿಷೇಧರೂಪ ನಮ್ಮ 'ಒಲ್ಲೆ'. ಹಾಗಾಗಿ 'ಒಲ್ಲದ' ಎಂಬುದು ನನ್ನ ಆಯ್ಕೆ. ಅದಕ್ಕೆ ಎರಡು ಮುಖಗಳಿವೆ. 'ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು' ಎಂಬ ಗಾದೆಯಲ್ಲಿ ಒಲ್ಲದವನು ಗಂಡ. 'ಒಲ್ಲದ ಮದುವೆ'ಯಲ್ಲಿ ಯಾರಿಗೋ ಬೇಡವಾದದ್ದು ಮದುವೆ. 'ಒಲ್ಲದ ಮಕ್ಕಳು' ಎಂದಷ್ಟೇ ಬರೆದರೆ ಓದುಗರು ಯಾರಿಗೂ ಬೇಡದ ಮಕ್ಕಳು ಎಂದುಕೊಂಡಾರು. ಕರ್ಮಪದ ಸೇರಿಸಿ 'ಯಾವುದನ್ನೂ ಒಲ್ಲದ ಮಕ್ಕಳು' ಎಂದರೆ ಆ ಗೊಂದಲವಿಲ್ಲ. ಆದರೂ ತಾವು ಒಲ್ಲದ, ತಮ್ಮನ್ನೂ ಯಾರೂ ಒಲ್ಲದ ಸ್ಥಿತಿಯ ನೆನಪು ಹಿಂದೆ ಉಳಿಯುತ್ತದೆ. ಇಂಥ ಕಾದಂಬರಿಗೆ ಅದು ನಷ್ಟವಲ್ಲ, ಲಾಭ. 'ವಿಮುಖ' ಅರ್ಥದಲ್ಲಿ ಸರಿಯಾದರೂ ವಿಮರ್ಶೆಯ ಮಾತು, ಬೆನ್ನುಡಿಯಲ್ಲಿ ತಣ್ಣಗೆ ಕೂರುತ್ತದೆ.

ಪ್ರಶ್ನೆಯಲ್ಲಿ ಕೇಳದಿದ್ದರೂ, ಈ ಸಾಲಿನ ದೊಡ್ಡ ತೊಡಕು 'ನೆರಳು'. ಬಿಸಿಲಿನ ನಾಡಿನ ಮಾತಿನಲ್ಲಿ ನೆರಳು ಎಂದರೆ ಆಸರೆ: ಮರದ ನೆರಳು, ಹಿರಿಯರ ನೆರಳು, ನೆರಳಾಗಿ ನಿಂತವರು. 'ಯುದ್ಧದ ನೆರಳಿನಲ್ಲಿ ಬದುಕುವ' ಎಂದರೆ ಯುದ್ಧವೇ ಕಾಪಾಡಿದಂತೆ ಕೇಳುತ್ತದೆ. ಭಯ ಬರಬೇಕಾದರೆ 'ಕರಿ' ಸೇರಬೇಕು. 'ಕರಿನೆರಳು' ಬರಗಾಲದ ಸುದ್ದಿಯಿಂದ ಹಿಡಿದು ಎಲ್ಲಕ್ಕೂ ಬಳಕೆಯಾಗಿ ಸವೆದಿದೆ. ಯುದ್ಧ ಕಥೆಯಲ್ಲಿ ಎಲ್ಲಿದೆ ಎಂದು ಮೊದಲು ನೋಡಿ. ಇನ್ನೂ ಬರಬೇಕಿದ್ದರೆ 'ಕಾರ್ಮೋಡ', ನಡೆಯುತ್ತಿದ್ದರೆ 'ಕವಿದ', ಮುಗಿದಿದ್ದರೆ 'ಗಾಯ ಮಾಯದ'.

ಯುದ್ಧ ದೂರದಲ್ಲಿ ನಡೆದು, ಸೇನೆಗೆ ಕಡ್ಡಾಯ ಕರೆಯಷ್ಟೇ ಮನೆಬಾಗಿಲಿಗೆ ಬರುವುದೂ ಉಂಟು. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ 366 ಹುಟ್ಟಿದ ದಿನಾಂಕಗಳ ಚೀಟಿ ಎತ್ತಿ ವಿಯೆಟ್ನಾಂ ಯುದ್ಧಕಾಲದ ಸೇನೆಗೆ ಕರೆಯುವ ಸರದಿ ಗೊತ್ತುಮಾಡಿದ್ದರು. ಅಂಥ ಕಥೆಯಲ್ಲಿ 'ಡ್ರಾಫ್ಟ್' ಎಂದು ಕಂಡಲ್ಲಿ 'ಕರಡು' ಎಂದು ಬರೆದರೆ ಪುಟವೇ ಕೆಡುತ್ತದೆ. 'ಸೇನೆಯ ಕರೆ' ಎನ್ನಿ.

'ಹದಿಹರೆಯ'ದ ಬಗ್ಗೆ ಒಂದೇ ಮಾತು. 'ಹದಿ' ನಮ್ಮಲ್ಲಿ ಹದಿಮೂರರಿಂದ ಹದಿನೆಂಟಕ್ಕೆ ನಿಲ್ಲುತ್ತದೆ, ಮುಂದಿನದು ಹತ್ತೊಂಬತ್ತು. ಇಂಗ್ಲಿಷಿನ 'ಟೀನ್' ಹತ್ತೊಂಬತ್ತನ್ನೂ ಒಳಗೊಳ್ಳುತ್ತದೆ. ಮೊದಲ ಮಹಾಯುದ್ಧದ ಬ್ರಿಟನ್ನಿನಲ್ಲಿ 1916ರಿಂದ ಹದಿನೆಂಟಕ್ಕೆ ಸೇನೆಗೆ ಕರೆ ಬರುತ್ತಿದ್ದರೂ, ಹೊರದೇಶದ ರಣರಂಗಕ್ಕೆ ಕಳಿಸುವ ವಯಸ್ಸು 1918ರಲ್ಲಿ ಇಳಿಸುವವರೆಗೆ ಹತ್ತೊಂಬತ್ತು. ಪಾತ್ರಕ್ಕೆ ಆ ವಯಸ್ಸಿದ್ದರೆ ಅಂಕಿಯನ್ನೇ ಬರೆಯಿರಿ.

ಇನ್ನು ಸಾಲು. ಎಲ್ಲ ವಿಶೇಷಣಗಳನ್ನೂ 'ಕಥೆ'ಯ ಮುಂದೆ ಸಾಲುಗಟ್ಟಿಸದೆ ಎರಡು ವಾಕ್ಯ ಮಾಡಿ: 'ಊರ ಮೇಲೆ ಯುದ್ಧ ಕವಿದಿದೆ. ಶಾಲೆ, ಮನೆ, ದೇಶ, ಯಾವುದನ್ನೂ ಒಲ್ಲದ ಹುಡುಗ ಹುಡುಗಿಯರ ಕಥೆ ಇದು.'