ಪದಚರ್ಚೆ: ಫಲಕಕ್ಕೆ ಬೇಕಿದೆ, "ಔಷಧ ನಿರೋಧಕ ಕ್ಷಯ"ಕ್ಕೆ ಬದಲಿ ಮಾತು

ಶಿವಾಜಿನಗರದ ಕ್ಲಿನಿಕ್ಕೊಂದರ ಕಫ ಪರೀಕ್ಷೆಯ ಕೋಣೆಗೆ 2×3 ಅಡಿ ಫಲಕ. ಸಂಜೆ 5ಕ್ಕೆ ಅವೆನ್ಯೂ ರಸ್ತೆಯ ಪ್ರೆಸ್ಸಿಗೆ ಹೋಗಬೇಕು. ಕರಡು: "ಮಾತ್ರೆ ನಡುವೆ ಬಿಟ್ಟರೆ ಕ್ಷಯದ ಬ್ಯಾಕ್ಟೀರಿಯಾ ನಿರೋಧಕ ಶಕ್ತಿ ಬೆಳೆಸಿಕೊಳ್ಳುತ್ತದೆ." ಓದಿದವರು ಶಕ್ತಿ ಬೆಳೆದರೆ ಒಳ್ಳೆಯದೇ ತಾನೆ ಅನ್ನುತ್ತಿದ್ದಾರೆ. ಬೇಗ ಹೇಳಿ.

> ಓದಿದವರು ಶಕ್ತಿ ಬೆಳೆದರೆ ಒಳ್ಳೆಯದೇ ತಾನೆ ಅನ್ನುತ್ತಿದ್ದಾರೆ

ಅನ್ನದೆ ಇನ್ನೇನು? ಕೊರೋನಾ ಕಾಲದಿಂದ ಕಷಾಯದ ಪೊಟ್ಟಣದ ಮೇಲೂ ರೋಗನಿರೋಧಕ ಶಕ್ತಿ. "ಪ್ರತಿರೋಧ" ಹಾಕಿ. ನಿ+ರುಧ್ ಅಂದರೆ ತಡೆದು ಕೂಡಿಹಾಕುವುದು, ಪ್ರತಿ+ರುಧ್ ಅಂದರೆ ಎದುರು ನಿಲ್ಲುವುದು. ಮುಗಿಯಿತು.

> ಮುಗಿಯಿತು

ಮುಗಿದಿಲ್ಲ. ಎರಡೂ ಎರವಲು. "ಮದ್ದಿಗೆ ಬಗ್ಗದ" ಅನ್ನಿ. ಹಳಗನ್ನಡದ ಮರ್ದು ಮದ್ದಾಗಿದೆ, ತಮಿಳಿನ ಮರುಂದು ಅದರ ಒಡಹುಟ್ಟು. ಇರುವ ಪದ ಬಿಟ್ಟು ಅಮರಕೋಶ ತಿರುವಿಹಾಕುವ ಚಟ ಯಾವಾಗ ಹೋಗುತ್ತದೋ.

ಮದ್ದು ಬೇಡ. ನಮ್ಮ ಕಡೆ "ಮದ್ದು ಹಾಕಿದ್ದಾರೆ" ಅಂದರೆ ಪೊಲೀಸರನ್ನು ಕರೆಯುತ್ತಾರೆ.

ನಾಮಪದಕ್ಕೆ ಜಗಳ ಆಡುತ್ತಿದ್ದೀರಿ, ಕೆಟ್ಟಿರುವುದು ಕ್ರಿಯಾಪದ. "ಬೆಳೆಸಿಕೊಳ್ಳುತ್ತದೆ" ತಪ್ಪು. ಬ್ಯಾಕ್ಟೀರಿಯಾ ಮಾತ್ರೆ ನೋಡಿ ಪಾಠ ಕಲಿಯುವುದಿಲ್ಲ. ವಂಶವಾಹಿ ನಕಲಾಗುವಾಗಿನ ತಪ್ಪಿನಿಂದ, ಟಿಬಿಯ ಎರಡು ಮುಖ್ಯ ಔಷಧಗಳ ಪೈಕಿ, ಸುಮಾರು 10 ಲಕ್ಷದಲ್ಲಿ ಒಂದು ಐಸೋನಿಯಾಜಿಡ್‌ಗೆ, 10 ಕೋಟಿಯಲ್ಲಿ ಒಂದು ರಿಫಾಂಪಿಸಿನ್‌ಗೆ ಮೊದಲೇ ಬಗ್ಗದ್ದಾಗಿರುತ್ತದೆ. ಶ್ವಾಸಕೋಶದ ಒಂದು ಕುಳಿಯಲ್ಲೇ 10 ಕೋಟಿ ಇರಬಹುದು. ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು, ಅದಕ್ಕೆ ಬಗ್ಗದ ನೂರಕ್ಕೆ ಜಾಗ ಖಾಲಿ. ಎರಡಕ್ಕೂ ಒಟ್ಟಿಗೆ ಬಗ್ಗದ್ದು ಸಿಗಬೇಕಾದರೆ 100 ಲಕ್ಷ ಕೋಟಿಯಲ್ಲಿ ಒಂದು. ಅದಕ್ಕೇ ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಮೂರು.

"ತಡೆ" ಅನ್ನುವ ಅರ್ಥವೂ ಪೂರ್ತಿ ಕೂಡುವುದಿಲ್ಲ. ಐಸೋನಿಯಾಜಿಡ್ ನುಂಗಿದಾಗ ನಿಷ್ಕ್ರಿಯ. ಬ್ಯಾಕ್ಟೀರಿಯಾದ್ದೇ ಕ್ಯಾಟ್‌ಜಿ ಕಿಣ್ವ ಅದನ್ನು ಎಬ್ಬಿಸಬೇಕು. ಆ ಕಿಣ್ವದ 315ನೇ ಸ್ಥಾನದಲ್ಲಿ ಸೆರಿನ್ ಅನ್ನುವ ಅಮೈನೋ ಆಮ್ಲದ ಬದಲು ಥ್ರಿಯೊನಿನ್ ಬಂದರೆ ಔಷಧ ಸರಿಯಾಗಿ ಏಳುವುದಿಲ್ಲ. ಯಾರು ಯಾರನ್ನು ತಡೆದರು? ರಿಫಾಂಪಿಸಿನ್ ಕಥೆ ಬೇರೆ: ಆರ್‌ಪಿಒಬಿ ವಂಶವಾಹಿಯ 81 ಅಕ್ಷರಗಳ ತುಂಡಿನಲ್ಲಿ ಒಂದು ಬದಲಾದರೂ ಸಾಕು, ಔಷಧ ಕೂರುವ ಜಾಗ ಕೆಡಬಹುದು. ಕಫ ಪರೀಕ್ಷೆಯ ಸಿಬಿನಾಟ್ ಯಂತ್ರ ಹುಡುಕುವುದು ಆ ತುಂಡನ್ನೇ. ಎರಡಕ್ಕೂ ಬಗ್ಗದಿದ್ದರೆ ಎಂಡಿಆರ್, ಅಂದರೆ ಹಲವು ಔಷಧಕ್ಕೆ ಬಗ್ಗದ ಟಿಬಿ. ಆ ಹೆಸರನ್ನು ಹಾಗೇ ಬಿಡಿ, ವೈದ್ಯರ ಚೀಟಿಯಲ್ಲೂ ಅದೇ ಇರುತ್ತದೆ.

ಇನ್ನೊಂದು. "ಮೈಗೆ ಮಾತ್ರೆ ಒಗ್ಗಿಹೋಗಿದೆ" ಅನ್ನುವ ಜನ ಇದ್ದಾರೆ. ಬಗ್ಗದ್ದು ಮೈಯಲ್ಲ, ಬ್ಯಾಕ್ಟೀರಿಯಾ, ಕರ್ತೃಪದ ಬಿಡಬೇಡಿ. ಒಂದೂ ಡೋಸ್ ತಪ್ಪಿಸದವರಿಗೂ ಇಂಥ ಟಿಬಿ ಇನ್ನೊಬ್ಬರ ಕೆಮ್ಮಿನಿಂದ ಬರಬಹುದು, ಆದ್ದರಿಂದ ತಪ್ಪೆಲ್ಲ ರೋಗಿಯದೇ ಅನ್ನುವಂತೆ ಬರೆಯಬೇಡಿ.

> ಇಂಥ ಟಿಬಿ

ಕ್ಷಯ ಅನ್ನಲು ನಾಲಿಗೆ ನೋಯುತ್ತದೆಯೇ?

ಕ್ಷಯವೂ ಸಂಸ್ಕೃತವೇ, ಸ್ವಾಮಿ. ಮೆಜೆಸ್ಟಿಕ್ಕಿನಲ್ಲಿ ನಿಂತು ಹತ್ತು ಜನರನ್ನು ಕೇಳಿ, ಒಂಬತ್ತು ಜನ ಟಿಬಿ ಅನ್ನುತ್ತಾರೆ.

ಹಾಗಾದರೆ ಇಂಗ್ಲಿಷಿನಲ್ಲೇ ಫಲಕ ಹಾಕಿ, ಈ ಪದಚರ್ಚೆಯ ಗುಂಪನ್ನೂ ಮುಚ್ಚಿ.

ಪ್ರೆಸ್ಸಿಗೆ ಕಳಿಸಿದ್ದು: "ಕೆಲವು ಟಿಬಿ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುವುದಿಲ್ಲ. ಮಾತ್ರೆ ನಡುವೆ ನಿಂತರೆ ಅವೇ ಉಳಿದು ಹೆಚ್ಚುತ್ತವೆ. ಕಫ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಬೇರೆ ಔಷಧಿ ಇದೆ." ಔಷಧವೋ ಔಷಧಿಯೋ ಅಂತ ಈಗ ಯಾರೂ ಶುರುಮಾಡಬೇಡಿ.

ಔಷಧ. ಔಷಧಿ ಅಂದರೆ ಗಿಡ.