ಅಪ್‌ಡೇಟ್: ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ ಲಂಕೆ

ಹೋದ ತಿಂಗಳು ಕೇಳಿದ್ದೆನಲ್ಲ, ನಾನು ಆರು ವರ್ಷದವನಿದ್ದಾಗ ನಾವು ಲಂಕೆ ಬಿಟ್ಟು ಸಿದ್ದಾಪುರದ ಕಾಫಿ ತೋಟಕ್ಕೆ ಬಂದಿದ್ದು ಯಾಕೆ, ಎಲ್ಲಿಂದ ಹುಡುಕಲಿ ಅಂತ? ಮೊದಲು ಮನೆಯ ಕಾಗದ ನೋಡಿ ಅಂದಿರಿ. ನೋಡಿದೆ.

ಟ್ರಂಕಿನ ತಳದಲ್ಲಿ 1976ರ ಪಾಸ್‌ಪೋರ್ಟ್ ಇತ್ತು. ಒಂದೇ ಫೋಟೋದಲ್ಲಿ ಮನೆಯವರೆಲ್ಲ. ಅಮ್ಮನ ಸೆರಗು ಹಿಡಿದುಕೊಂಡು ನಾನು. ಯುದ್ಧಕ್ಕೆ ಹೆದರಿ ಬಂದೆವು ಅಂತಲೇ ಇಷ್ಟು ದಿನ ನಂಬಿದ್ದೆ. ಆದರೆ ಆ ಯುದ್ಧಕ್ಕೆ ಕಿಡಿ ಹಚ್ಚಿದ 1983ರ ತಮಿಳರ ಮೇಲಿನ ಗಲಭೆಗೂ ಏಳು ವರ್ಷ ಮೊದಲೇ ನಾವು ಲಂಕೆಯ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದಿದ್ದೆವು!

ಬೇರು ಇನ್ನೂ ಹಿಂದಿದೆ. ಲಂಕೆಯ 1948ರ ಪೌರತ್ವ ಕಾನೂನಿನಿಂದ ನಮ್ಮಂಥ, ಭಾರತ ಮೂಲದ ಟೀ ತೋಟದ ತಮಿಳರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. ಆಮೇಲೆ ಓಟೂ ಹೋಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೋ ಒಪ್ಪಂದ ಮಾಡಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ. ಅಲ್ಲೇ ಹುಟ್ಟಿ ಬೆಳೆದವರನ್ನು ಹೀಗೆ ಲೆಕ್ಕ ಹಾಕಿ ಹಂಚುವುದು ಅನ್ಯಾಯ ಅಲ್ವಾ?

ಇದನ್ನೆಲ್ಲ ಹೇಳಿದಾಗ ಅಪ್ಪ ಸುಮ್ನೆ ಕೇಳಿಸಿಕೊಂಡರು. ಅಮ್ಮ ಮಾತ್ರ ಕೂದಲು ಸರಿಸಿ ತೋರಿಸಿದರು. ಟೀ ಬುಟ್ಟಿಯ ಹಗ್ಗ ಒತ್ತಿದ ಜಾಗ. "ನಾಳೆ ಕೂತು ಎಲ್ಲಾ ಹೇಳ್ತೀನಿ, ಬರ್ಕೋ" ಅಂದರು. ಹೊಸ ನೋಟ್‌ಬುಕ್ ತಂದಿಟ್ಟಿದ್ದೇನೆ.