ಸಹಾಯ ಬೇಕು: ಸರ್ಪಗಂಧದ ಗುರುತು ಮತ್ತು ಸಸಿ ಮಾಡುವ ಕ್ರಮ

ಎಲ್ಲರಿಗೂ ನಮಸ್ಕಾರ. ಶಿರಸಿ ಸೀಮೆಯ ನಮ್ಮ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಮೊಣಕಾಲೆತ್ತರದ ಒಂದೇ ಒಂದು ಗಿಡವಿದ್ದು, ಅದು ಸರ್ಪಗಂಧವೆಂದು ನನ್ನ ಅಂದಾಜು. ಔಷಧಿಯ ಬೇರಿನ ಆಸೆಗೆ ಅಗೆದೂ ಅಗೆದೂ ಕಾಡಿನಲ್ಲಿ ಅಪರೂಪವಾಗಿರುವ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ 1990ರಿಂದ ಇರುವ ಸಸ್ಯವಿದು. ಆದ್ದರಿಂದ ಬುಡಕ್ಕೆ ಪೆಟ್ಟಾಗದಂತೆ ಸಂತತಿ ಹೆಚ್ಚಿಸಬೇಕೆಂದಿದ್ದೇನೆ.

ಹೂವಿನ ಎಸಳು ಬಿಳಿ, ತೊಟ್ಟು ಮತ್ತು ಕೊಳವೆ ಕೆಂಪು. ಕೆಳಗಿನ ಗೆಣ್ಣುಗಳಲ್ಲಿ ಮೂರು ಮೂರು ಎಲೆಗಳಿವೆ, ಆದರೆ ತುದಿಯಲ್ಲಿ ನಾಲ್ಕು ಕಾಣುತ್ತವೆ. ನರ್ಸರಿಯೊಂದರಲ್ಲಿ ಇದೇ ಹೆಸರಿನಲ್ಲಿ ಕೊಂಡ ಗಿಡಕ್ಕೆ ಮಾತ್ರ ಎಲ್ಲ ಗೆಣ್ಣಿನಲ್ಲೂ ಎರಡು ದೊಡ್ಡ, ಎರಡು ಸಣ್ಣ ಎಲೆಗಳು, ಹಸಿರು ಛಾಯೆಯ ಪುಟ್ಟ ಹೂ. ಅದು ಹೊರದೇಶದಿಂದ ಬಂದ, ಸರ್ಪಗಂಧದ್ದೇ ಕುಲದ ಬೇರೆ ಗಿಡವಾದ ರಾವೊಲ್ಫಿಯಾ ಟೆಟ್ರಾಫಿಲ್ಲ ಇರಬೇಕು (ಹೀಗೆ ಮಾರುವುದು ಹೊಸತೇನಲ್ಲ).

ಬೆಟ್ಟದ ಗಿಡದಲ್ಲಿ ಕಪ್ಪಾಗಿ ಮಾಗಿದ ಹಣ್ಣಿನ ತಿರುಳು ತೊಳೆದು, ರಾತ್ರಿಯಿಡೀ ನೆನೆಸಿ, ತೇಲಿದ ಬೀಜಗಳನ್ನು ತೆಗೆದುಹಾಕಿ, ಮರಳು ಬೆರೆಸಿದ ಗೊಬ್ಬರದಲ್ಲಿ ನೆರಳಿಗಿಟ್ಟು ಬಿತ್ತಿದರೂ ಬೆರಳೆಣಿಕೆಯಷ್ಟೇ ಮೊಳೆತವು. ಕಾಂಡದ ತುಂಡುಗಳು ಚಿಗುರಿದವು, ಆದರೆ ಬೇರು ಬಿಡದೆ ಒಣಗಿದವು. ಬೇರಿನ ತುಂಡಿನಿಂದ ಸಸಿಯಾಗುತ್ತದೆಂದು ಬಲ್ಲೆ, ಆದರೆ ಇರುವ ಒಂದೇ ಗಿಡವನ್ನು ಅಗೆಯಲು ಧೈರ್ಯ ಸಾಲದು.

ತುದಿಯಲ್ಲಿ ನಾಲ್ಕೆಲೆ ಇದ್ದರೂ ಹೂವಿನ ಬಣ್ಣವನ್ನೇ ನಂಬಿ ಇದನ್ನು ಸರ್ಪಗಂಧವೆನ್ನಬಹುದೇ? ತಾಯಿಬೇರು ಮುಟ್ಟದೆ ಪಕ್ಕದ ಬೇರೊಂದನ್ನು ಕತ್ತರಿಸಿದರೆ ಗಿಡ ಉಳಿಯುತ್ತದೆಯೇ, ಉಳಿಯುವುದಾದರೆ ಅದನ್ನು ಮಳೆಗಾಲಕ್ಕೆ ಮುಂಚೆ ಮಾಡಬೇಕೋ ನಂತರವೋ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.